ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಮಕ್ಕಳ ಉಯ್ಯಾಲೆ: ಮೂರು ವರ್ಷ ಬಳಸಿದ ಮೇಲೆ

ಅಂಗಳಕ್ಕೆ ಉಯ್ಯಾಲೆ ಹಾಕಿಸುವವರು ಸಾಮಾನ್ಯವಾಗಿ ಸೀಟು ನೋಡುತ್ತಾರೆ, ಬಣ್ಣ ನೋಡುತ್ತಾರೆ, ಬೆಲೆ ಕೇಳುತ್ತಾರೆ. ಮೂರು ವರ್ಷದ ಮೇಲೆ ಬಳಸಿದ ನಾನು ಹೇಳುವುದು ಇಷ್ಟೇ. ಮೊದಲು ಮೇಲೆ ನೋಡಿ, ಆಮೇಲೆ ಕೆಳಗೆ ನೋಡಿ. ಮೇಲೆ ಅಂದರೆ ಚೈನು ನೇತುಹಾಕಿರುವ ಜಾಗ. ಕೆಳಗೆ ಅಂದರೆ ಮಗು ಬೀಳುವ ನೆಲ. ಇವೆರಡು ಸರಿ ಇದ್ದರೆ ಸೀಟನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು.

ನಮ್ಮ ಮನೆ ಮೈಸೂರಿನ ಬೋಗಾದಿ ಕಡೆ. 50x80 ಸೈಟು, ಅರ್ಧದಲ್ಲಿ ಮನೆ, ಉಳಿದರ್ಧ ಖಾಲಿ. ಉಯ್ಯಾಲೆ ಹಾಕಿಸಿದಾಗ ಮಗಳಿಗೆ 5 ವರ್ಷ, ಮಗನಿಗೆ ಒಂದೂವರೆ. ಬೇಕಾಗುವ ಜಾಗದ ಲೆಕ್ಕವನ್ನು ಯಾವ ಅಂಗಡಿಯವರೂ ಹೇಳಲಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮನೆಯಂಗಳದ ಆಟದ ಸಾಮಾನಿಗೆ ಅಂತಲೇ ಒಂದು ಕೈಪಿಡಿ ಮಾಡಿದೆ. ಅದರ ಲೆಕ್ಕ ಸುಲಭ: ಅಡ್ಡ ಪೈಪು ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟು ಜಾಗ ಮುಂದೆ, ಅಷ್ಟೇ ಹಿಂದೆ, ಪಕ್ಕಗಳಲ್ಲಿ 6 ಅಡಿ. ನಮ್ಮ ಅಡ್ಡ ಪೈಪು 7 ಅಡಿ ಎತ್ತರದಲ್ಲಿದೆ. ಅಂದರೆ ಮುಂದೆ 14, ಹಿಂದೆ 14, ಒಟ್ಟು 28 ಅಡಿ. ಅಷ್ಟು ದೂರದಲ್ಲಿ ಕಾಂಪೌಂಡ್ ಗೋಡೆ, ತುಳಸಿಕಟ್ಟೆ, ನಲ್ಲಿಕಂಬ ಯಾವುದೂ ಇರಬಾರದು. ನಾವು ಸೈಟಿನ 50 ಅಡಿ ಉದ್ದಕ್ಕೆ ತೂಗುವ ಹಾಗೆ ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಇನ್ನೂ ಎತ್ತರ ಮಾಡಿಸಬಹುದಿತ್ತು. ಚೈನು ಉದ್ದ ಆದಷ್ಟೂ ತೂಗು ನಿಧಾನ ಆಗುತ್ತೆ, ಹಿತವಾಗಿರುತ್ತೆ. 2 ಮೀಟರ್ ಚೈನಾದರೆ ಒಮ್ಮೆ ಹೋಗಿ ಬರೋದಕ್ಕೆ ಸುಮಾರು 2.8 ಸೆಕೆಂಡ್, 1 ಮೀಟರ್ ಆದರೆ 2 ಸೆಕೆಂಡ್. ಕೂತ ಮಗು ದಪ್ಪ ಇರಲಿ ಸಣ್ಣ ಇರಲಿ, ಲೆಕ್ಕ ಅದೇ. ಆದರೆ ಎತ್ತರ ಜಾಸ್ತಿ ಆದರೆ ಜಾಗವೂ ಜಾಸ್ತಿ ಬೇಕು, ಬೀಳುವ ಎತ್ತರವೂ ಜಾಸ್ತಿ. ಮನೆ ಮಕ್ಕಳಿಗೆ 7 ಅಡಿ ಧಾರಾಳ ಸಾಕು.

30x40 ಸೈಟಿನವರು ಏನು ಮಾಡಬೇಕು ಅಂತ ಕೇಳಬಹುದು. ಪೋರ್ಟಿಕೋದಲ್ಲಿ ಮನೆ ಕಟ್ಟುವಾಗಲೇ ಮೋಲ್ಡಿಗೆ ಕೊಕ್ಕೆ ಬಿಟ್ಟಿದ್ದರೆ ಚಿಕ್ಕ ಮಗುವಿನ ಬಕೆಟ್ ಸೀಟು ಹಾಕಿ, ಮೆಲ್ಲಗೆ ತೂಗಿ. ಕೆಳಗೆ ಗ್ರಾನೈಟ್ ಇದ್ದರೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಜೀಕುವ ವಯಸ್ಸಿನ ಮಕ್ಕಳಿಗೆ ಅದು ಸಾಲದು, ಅವರಿಗೆ ಬಡಾವಣೆಯ ಪಾರ್ಕೇ ಸರಿ. ಟೆರೇಸಿನ ಮೇಲೆ ಮಾತ್ರ ದಯವಿಟ್ಟು ಬೇಡ. ಪ್ಯಾರಾಪೆಟ್ ಪಕ್ಕ ಉಯ್ಯಾಲೆ ಹಾಕಿರುವ ಮನೆ ನೋಡಿದರೆ ನನಗೆ ಎದೆ ಝಲ್ ಅನ್ನುತ್ತೆ.

ನಮ್ಮ ಮುಂದೆ ಎರಡು ದಾರಿ ಇತ್ತು. ಒಂದು, ಆನ್‌ಲೈನಲ್ಲಿ ಡಬ್ಬದಲ್ಲಿ ಬರುವ ಸೆಟ್. ಇನ್ನೊಂದು, ವೆಲ್ಡಿಂಗ್ ಶಾಪಲ್ಲಿ ಮಾಡಿಸುವುದು. ಡಬ್ಬದ ಸೆಟ್ ತಗೊಳ್ಳುವವರು ಐಎಸ್‌ಐ ಗುರುತು ನೋಡಲೇಬೇಕು. 14 ವರ್ಷದೊಳಗಿನ ಮಕ್ಕಳ ಆಟದ ಸಾಮಾನಿಗೆ 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ. ಮನೆ ಬಳಕೆಯ ಉಯ್ಯಾಲೆ, ಜಾರುಬಂಡೆಗೆ ಇರುವ ಮಾನದಂಡ ಐಎಸ್ 9873ರ 4ನೇ ಭಾಗ. ವೆಲ್ಡಿಂಗ್ ಶಾಪಿನ ಉಯ್ಯಾಲೆಗೆ ಈ ಗುರುತು ಇರಲ್ಲ. ಹಾಗಾಗಿ ಅಲ್ಲಿ ಮಾಡಿಸುವುದಾದರೆ ಪ್ರತಿಯೊಂದು ಜಾಯಿಂಟನ್ನೂ ನಾವೇ ನಿಂತು ನೋಡಬೇಕು. ಅಷ್ಟು ಪುರುಸೊತ್ತು ಇಲ್ಲದವರಿಗೆ ಗುರುತಿರುವ ಡಬ್ಬದ ಸೆಟ್ಟೇ ವಾಸಿ.

ನಾವು ಮಾಡಿಸುವುದಕ್ಕೆ ಹೋಗಿದ್ದು ಪಕ್ಕದ ಮನೆಯವರ ಸೆಟ್ ನೋಡಿದ ಮೇಲೆ. ಮೇಲ್ನೋಟಕ್ಕೆ ಹೊಸದರ ಹಾಗೇ ಇತ್ತು, ಹಸಿರು ಪೌಡರ್ ಕೋಟಿಂಗ್ ಮಿರಿಮಿರಿ ಅನ್ನುತ್ತಿತ್ತು. ಕಾಲಿನ ಬುಡದಲ್ಲಿ ಮಾತ್ರ ಒಂದು ಕಡೆ ಬಣ್ಣ ಗುಳ್ಳೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಬಣ್ಣದ ಜೊತೆ ಪೈಪೂ ಒಳಗೆ ಹೋಯಿತು. ಬಾಯಿ ತೆರೆದ ಪೈಪು ಮಣ್ಣಲ್ಲಿ ಕೂತು ನೀರು ಹೀರಿ, ಒಳಗಿನಿಂದ ತುಕ್ಕು ಹಿಡಿದಿತ್ತು. ಅದಕ್ಕೆ ಎರಡು ಮಳೆಗಾಲ ಸಾಕಾಗಿತ್ತು. ಹೊರಗಿನ ಬಣ್ಣ ಒಳಗಿನ ತುಕ್ಕನ್ನು ತಡೆಯಲ್ಲ, ಅಲ್ವಾ?

ಬನ್ನಿಮಂಟಪದ ಕಡೆ ಒಂದು ಶಾಪಿನಲ್ಲಿ ಮಾಡಿಸಿದೆವು. ಪೈಪು ಆರಿಸುವುದು ಕಲಿಯಬೇಕಾದ ಕೆಲಸ. ಜಿಐ ಪೈಪು ಅಂದರೆ ಸತುವಿನ ಲೇಪ ಇರುವ ಕಬ್ಬಿಣದ ಪೈಪು. ಅದರಲ್ಲಿ ಎ, ಬಿ, ಸಿ ಅಂತ ಮೂರು ಕ್ಲಾಸು. ಎ ತೆಳು, ಅದಕ್ಕೆ ಹಳದಿ ಪಟ್ಟಿ. ಬಿ ಮಧ್ಯಮ, ನೀಲಿ ಪಟ್ಟಿ. ಸಿ ದಪ್ಪ, ಕೆಂಪು ಪಟ್ಟಿ. 2 ಇಂಚಿನ ಬಿ ಕ್ಲಾಸ್ ಪೈಪಿನ ದಪ್ಪ 3.6 ಮಿಲಿಮೀಟರ್. ಬರೀ "ಜಿಐ ಹಾಕಿ" ಅಂದರೆ ಸಿಗೋದು ಹಳದಿ ಪಟ್ಟಿಯೇ.

"ಮೇಡಂ, ಮಕ್ಕಳು ಕೂರೋದಲ್ವಾ, ಎ ಕ್ಲಾಸೇ ಸಾಕು, ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀರಿ" ಅಂದರು ಶಾಪಿನವರು.

"ಮಕ್ಕಳು ಇವತ್ತು ಕೂರ್ತಾರೆ ಅಣ್ಣ, ನಾಳೆ ಅವರ ಮಾವ ಕೂರ್ತಾನೆ. ನೀಲಿ ಪಟ್ಟಿದೇ ಹಾಕಿ" ಅಂದೆ.

ಇದು ಹಟಕ್ಕೆ ಹೇಳಿದ ಮಾತಲ್ಲ. ಮಗು 60 ಡಿಗ್ರಿ ಎತ್ತರಕ್ಕೆ ಜೀಕಿದರೆ, ಕೆಳಕ್ಕೆ ಬಂದ ಕ್ಷಣದಲ್ಲಿ ಚೈನಿನ ಮೇಲೆ ಬೀಳುವ ಭಾರ ಮಗುವಿನ ತೂಕದ ಎರಡರಷ್ಟು. 25 ಕಿಲೋ ಮಗು ಆಗ 50 ಕಿಲೋ. 70 ಕಿಲೋ ಮಾವ ಹಾಗೆ ಜೀಕಿದರೆ 140 ಕಿಲೋ. ಈ ಎಳೆತ ಹಿಂದಕ್ಕೂ ಮುಂದಕ್ಕೂ ಇರುವುದರಿಂದಲೇ ಹೂತಿಡದ ಫ್ರೇಮಿನ ಕಾಲು ಕುಣಿಯೋದು.

ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟು ಹೋಗುತ್ತೆ. ತುಕ್ಕು ಶುರುವಾಗೋದು ಅಲ್ಲಿಂದಲೇ. ಅದನ್ನು ಉಜ್ಜಿಸಿ, ಸತು ಇರುವ ಪೇಂಟನ್ನು ನಮ್ಮ ಕಣ್ಣೆದುರೇ ಹೊಡೆಸಿ. ಸತು ಸುಟ್ಟ ಹೊಗೆ ಒಳ್ಳೆಯದಲ್ಲ, ಕೆಲಸ ನಡೆಯುವಾಗ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಅಡ್ಡ ಪೈಪಿನ ಎರಡೂ ತುದಿಗೆ ಕ್ಯಾಪ್ ಹಾಕಿಸಿ. ಇಲ್ಲದಿದ್ದರೆ ಕಣಜ ಗೂಡು ಕಟ್ಟುತ್ತೆ.

ಈಗ ಮೇಲಿನ ವಿಷಯ. ನನ್ನ ಲೆಕ್ಕದಲ್ಲಿ ಉಯ್ಯಾಲೆಯ ಜೀವ ಇರೋದೇ ಅಲ್ಲಿ. ಬಹಳ ಕಡೆ ಒಂದು ಕೊಕ್ಕೆಗೆ ಇನ್ನೊಂದು ಕೊಕ್ಕೆ ಸಿಕ್ಕಿಸಿ ಬಿಟ್ಟಿರುತ್ತಾರೆ. ಮಗು ಜೀಕಿದಾಗೆಲ್ಲ ಕಬ್ಬಿಣ ಕಬ್ಬಿಣವನ್ನು ಉಜ್ಜುತ್ತಾ ಇರುತ್ತೆ. ಸವೆಯೋದು ಕೊಕ್ಕೆಯ ಒಳಮೈ, ಕೆಳಗೆ ನಿಂತರೆ ಅದು ಕಾಣೋದೇ ಇಲ್ಲ. ಪಕ್ಕದ ಮನೆಯ ಸೆಟ್ ಬಿಚ್ಚಿದಾಗ ಆ ಕೊಕ್ಕೆ ಕೈಗೆ ತಗೊಂಡು ನೋಡಿದೆ. ಹೊರಗಿಂದ ಪೆನ್ಸಿಲ್ ದಪ್ಪ, ಒಳಗೆ ತಿರುಗಿಸಿದರೆ ಅರ್ಧಕ್ಕರ್ಧ ತಿಂದು ಹೋಗಿತ್ತು, ಸವೆದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಎಸ್ ಆಕಾರದ ಕೊಕ್ಕೆಯ ಬಾಯಿಯೂ ಸ್ವಲ್ಪ ಬಿಟ್ಟುಕೊಂಡಿತ್ತು. ಅಂಗಿಯ ದಾರ ಸಿಕ್ಕಿಕೊಳ್ಳೋದು ಇಂಥ ಬಾಯಿಗೇ.

ನಾವು ಎರಡೂ ಕಡೆ ಬೇರಿಂಗ್ ಹಾಕಿಸಿದೆವು. ತೆರೆದ ಬೇರಿಂಗ್ ಅಲ್ಲ, ಎರಡೂ ಪಕ್ಕ ರಬ್ಬರ್ ಸೀಲ್ ಇರುವಂಥದ್ದು. ತೆರೆದದ್ದಕ್ಕೆ ನೀರು ಹೋಗಿ ಒಂದೇ ವರ್ಷದಲ್ಲಿ ಕಿರ್ರೋ ಅನ್ನುತ್ತೆ. ಅದರ ಕೆಳಗೆ ಡಿ ಶಾಕಲ್, ಅಂದರೆ ಬಾಯಿಗೆ ಅಡ್ಡ ಪಿನ್ನು ಹಾಕಿ ಮುಚ್ಚುವ ಡಿ ಆಕಾರದ ಕೊಂಡಿ. ಶಾಕಲ್‌ಗೆ ಚೈನು. ನಟ್ಟುಗಳೆಲ್ಲ ನೈಲಾಕ್, ಒಳಗೆ ನೈಲಾನ್ ಉಂಗುರ ಇದ್ದು ಸುಲಭಕ್ಕೆ ಸಡಿಲ ಆಗದಂಥವು. ಶಾಕಲ್ಲಿನ ಪಿನ್ನು ಅಲುಗಾಟಕ್ಕೆ ತಾನೇ ಬಿಚ್ಚಿಕೊಳ್ಳುವುದುಂಟು. ಅದಕ್ಕೆ ಪಿನ್ನಿನ ತೂತಿಗೆ ಜಿಐ ವೈರ್ ಸುತ್ತಿ, ತುದಿಯನ್ನು ಒಳಕ್ಕೆ ಮಡಚಿಸಿದ್ದೇವೆ. ಮೂರು ವರ್ಷದಲ್ಲಿ ಬೇರಿಂಗ್ ಮುಟ್ಟಬೇಕಾಗಿ ಬಂದಿಲ್ಲ. ಶಾಕಲ್ ಮಾತ್ರ ಒಮ್ಮೆ ಬದಲಾಯಿಸಿದೆವು, ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿತ್ತು. ಆ ಶಾಕಲ್ ಬೆಲೆ ಎರಡು ಮಸಾಲೆ ದೋಸೆಗಿಂತ ಜಾಸ್ತಿ ಇಲ್ಲ.

ಚೈನಿನ ವಿಷಯದಲ್ಲಿ ಒಂದು ಮಾತು. ಬೆರಳು ಸಿಕ್ಕಿಕೊಳ್ಳದಿರಲಿ ಅಂತ ಚೈನಿಗೆ ಪ್ಲಾಸ್ಟಿಕ್ ಪೈಪು ತೊಡಿಸುತ್ತಾರೆ. ಒಳ್ಳೆಯದೇ. ಆದರೆ ಮೇಲಿಂದ ಕೆಳಗಿನ ತನಕ ತೊಡಿಸಿದರೆ ಮಳೆ ನೀರು ಒಳಗೇ ಉಳಿಯುತ್ತೆ. ನಮ್ಮ ಪೈಪಿನ ಕೆಳತುದಿಯಿಂದ ಒಂದು ದಿನ ಕೆಂಪು ನೀರು ತೊಟ್ಟಿಕ್ಕಿತು. ಈಗ ಕೈ ಹಿಡಿಯುವ ಎತ್ತರದಲ್ಲಿ ಮಾತ್ರ ಪೈಪು ಇದೆ, ಉಳಿದದ್ದು ಬಯಲು. ಮಗಳ ಜಡೆ ಬಿಚ್ಚಿದ್ದರೆ ಗಂಟು ಕಟ್ಟಿಯೇ ಕೂರಿಸುತ್ತೇನೆ. ದುಪಟ್ಟಾ, ಟೋಪಿಯ ದಾರ, ಕುತ್ತಿಗೆಯ ಸರ ಯಾವುದೂ ಉಯ್ಯಾಲೆ ಹತ್ತುವ ಹಾಗಿಲ್ಲ. ಇದೊಂದರಲ್ಲಿ ನಮ್ಮ ಮನೆಯಲ್ಲಿ ಯಾರ ಮಾತೂ ನಡೆಯಲ್ಲ.

ಪಾಯದ ಕೆಲಸ ಸರಳ. ನಾಲ್ಕು ಕಾಲಿಗೆ ಎರಡಡಿ ಆಳದ ಗುಂಡಿ, ಕಾಂಕ್ರೀಟು, ಒಂದು ವಾರ ನೀರು ಹಾಕಿ ಆಮೇಲೆ ಮಕ್ಕಳನ್ನು ಬಿಟ್ಟೆವು. ಕಾಂಕ್ರೀಟಿನ ತಲೆ ನೆಲಕ್ಕಿಂತ ಕೆಳಗಿರಬೇಕು. ಪೈಪಿನ ಸುತ್ತ ನೀರು ನಿಲ್ಲದ ಹಾಗೆ ಇಳಿಜಾರು ಕೊಡಿಸಿ.

ಕೆಳಗಿನ ನೆಲಕ್ಕೆ ನಾನು ಪಟ್ಟಷ್ಟು ಪಾಡು ಉಯ್ಯಾಲೆಗೂ ಪಟ್ಟಿಲ್ಲ. ನಮ್ಮದು ಕೆಮ್ಮಣ್ಣು. ಮಾರ್ಚ್ ಹೊತ್ತಿಗೆ ಬಂಡೆ ಥರ ಗಟ್ಟಿ, ಮೇ ತಿಂಗಳ ಮಳೆಗೆ ಕೆಸರು. ಮಕ್ಕಳ ಕಾಲು ಉಜ್ಜಿ ಉಜ್ಜಿ ಸೀಟಿನ ಕೆಳಗೆ ಹಳ್ಳ ಬೀಳುತ್ತೆ, ಅದರಲ್ಲಿ ನೀರು ನಿಂತು ಸೊಳ್ಳೆ. ಹುಲ್ಲು ಹಾಕಿದರೆ ಆ ಜಾಗದಲ್ಲಿ ಉಳಿಯಲ್ಲ. ಹೆಚ್ಚಿನವರು ಮರಳು ಹಾಕಿಸುತ್ತಾರೆ. ಅದೇ ಕೈಪಿಡಿಯ ಪ್ರಕಾರ 9 ಇಂಚು ಮರಳು ಕಾಪಾಡೋದು 4 ಅಡಿ ಎತ್ತರದಿಂದ ಬಿದ್ದರೆ ಮಾತ್ರ. ಉಯ್ಯಾಲೆಯ ಬೀಳುವ ಎತ್ತರವನ್ನು ಅಡ್ಡ ಪೈಪಿನಿಂದ ಅಳೆಯುತ್ತಾರೆ, ಅಂದರೆ ನಮ್ಮದು 7 ಅಡಿ. ಅದೇ 9 ಇಂಚು ಮರದ ಚಕ್ಕೆ ಹಾಕಿದರೆ 7 ಅಡಿಗೂ ಸಾಲುತ್ತೆ. ಇನ್ನು ಎಂ ಸ್ಯಾಂಡ್ ಅಂತೂ ಬೇಡವೇ ಬೇಡ. ಅದರ ಪುಡಿ ನೀರು ಕುಡಿದು ಒಣಗಿದರೆ ಸಿಮೆಂಟ್ ನೆಲವೇ ಸೈ.

ಹಾಗಾಗಿ ಸಾ ಮಿಲ್ಲಿನಿಂದ ಚಕ್ಕೆ ತರಿಸಿ ಹಾಕಿದೆವು. ಮಗಳು ಜೀಕುತ್ತಾ ಒಮ್ಮೆ ಕೈ ಬಿಟ್ಟು ಬೆನ್ನಡಿಯಾಗಿ ಬಿದ್ದಳು. ಅತ್ತಳು, ಎದ್ದಳು, ಚಕ್ಕೆ ಕೊಡವಿಕೊಂಡು ಮತ್ತೆ ಹತ್ತಿದಳು. ಆವತ್ತು ಕೆಳಗೆ ಬರೀ ಕೆಮ್ಮಣ್ಣು ಇದ್ದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಕೈಕಾಲು ತಣ್ಣಗಾಗುತ್ತೆ. ಚಕ್ಕೆಗೂ ತೊಂದರೆ ಇದೆ. ಎರಡನೇ ವರ್ಷ ಗೆದ್ದಲು ಬಂತು. ಮಳೆಗಾಲದಲ್ಲಿ ಜರಿಹುಳ ಸೇರುತ್ತೆ, ಅದಕ್ಕೇ ಹಾರೆಯಲ್ಲಿ ಕೆದಕಿ ತಿರುವಿ ಹಾಕುತ್ತಿರಬೇಕು. ಕೂತು ಕೂತು ತಗ್ಗುತ್ತೆ, ಪ್ರತಿ ಬೇಸಿಗೆಗೆ ಹೊಸದಾಗಿ ತುಂಬಿಸಬೇಕು. ಕೆಲಸ ಹೌದು, ಆದರೂ ನಾನು ಮತ್ತೆ ಅದನ್ನೇ ಹಾಕಿಸುತ್ತೇನೆ.

ಸೀಟಿನ ವಿಷಯದಲ್ಲಿ ಅತ್ತೆಗೂ ನನಗೂ ಅಭಿಪ್ರಾಯ ಬೇರೆ ಇತ್ತು. "ತೇಗದ ಹಲಗೆ ಹಾಕ್ಸಮ್ಮ, ನೂರು ವರ್ಷ ಬರುತ್ತೆ" ಅಂದರು. ಬರುತ್ತೆ, ಸುಳ್ಳಲ್ಲ. ಒಳಗೆ ಹಜಾರದಲ್ಲಿ ದೊಡ್ಡವರು ಕೂತು ತೂಗಿಕೊಳ್ಳುವ ಉಯ್ಯಾಲೆಗೆ ಅದಕ್ಕಿಂತ ಚೆಂದ ಇಲ್ಲ. ಆದರೆ ಹೊರಗೆ ಒಂದು ಮಗು ಜೀಕುವಾಗ ಇನ್ನೊಂದು ಮಗು ಅಡ್ಡ ಓಡುತ್ತೆ. ಹಲಗೆಯ ಅಂಚು ಹಣೆಗೆ ತಾಗಿದರೆ ಕಥೆ ಮುಗಿಯಿತು. ಅದಕ್ಕೇ ಮಕ್ಕಳಿಗೆ ಮೆತ್ತನೆಯ ರಬ್ಬರ್ ಬೆಲ್ಟ್ ಸೀಟೇ ಹಾಕಿಸಿ. "ಅಮ್ಮ, ಅಡ್ಡ ಓಡೋದು ನಿಮ್ಮ ಮೊಮ್ಮಗನೇ" ಅಂದ ಮೇಲೆ ಅವರೂ ಒಪ್ಪಿದರು. ಬೆಲ್ಟಿನಲ್ಲಿ ನೀರು ನಿಲ್ಲಲ್ಲ, ಒರೆಸಿದರೆ ಆಯಿತು. ಕಪ್ಪು ರಬ್ಬರ್ ಏಪ್ರಿಲ್ ಮಧ್ಯಾಹ್ನ ಸುಡುತ್ತೆ, ನಾಲ್ಕೂವರೆ ತನಕ ನಮ್ಮಲ್ಲಿ ಉಯ್ಯಾಲೆಗೆ ರಜ.

ಮಗನಿಗೆ ಆಗ ಬಕೆಟ್ ಸೀಟು. ಎರಡು ಉಯ್ಯಾಲೆ ಹಾಕಿಸಲಿಲ್ಲ. ಒಂದೇ ಚೈನು, ಬೇಕಾದಾಗ ಕೆಳಗಿನ ಶಾಕಲ್ ಬಿಚ್ಚಿ ಸೀಟು ಬದಲಾಯಿಸುತ್ತಿದ್ದೆವು. ಜಗಳ ಬಂದರೆ ಐವತ್ತು ಎಣಿಸುವ ತನಕ ಒಬ್ಬರು, ಆಮೇಲೆ ಇನ್ನೊಬ್ಬರು. ಮಗ ಎಣಿಸೋದು ಕಲಿತಿದ್ದು ಹೀಗೇ.

ಅಂಗಳದಲ್ಲಿ ಒಳ್ಳೆಯ ಮರ ಇರುವವರಿಗೆ ಇಷ್ಟೆಲ್ಲ ಖರ್ಚು ಬೇಡ. ಪಾಂಡವಪುರದ ಹತ್ತಿರ ನಮ್ಮ ಅಕ್ಕನ ತೋಟದ ಮನೆಯಲ್ಲಿ ಹುಣಸೆ ಮರಕ್ಕೇ ಕಟ್ಟಿದ್ದಾರೆ. ಹುಣಸೆ, ಮಾವು, ಹಲಸು ಆಗುತ್ತೆ. ನುಗ್ಗೆ ಎಷ್ಟು ದಪ್ಪ ಇದ್ದರೂ ಬೇಡ, ಲಟಕ್ಕನೆ ಮುರಿಯುತ್ತೆ. ಹಗ್ಗದ ವಿಷಯದಲ್ಲಿ ಜೋಪಾನ. ಹಸುವಿಗೆ ಕಟ್ಟುವ ಆ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಒಣಗಿ, ಹಿಡಿದರೆ ಅಂಗೈಗೆ ಸಣ್ಣ ಸಣ್ಣ ಎಳೆ ಚುಚ್ಚುತ್ತೆ. ಹಾಗಾದ ಹಗ್ಗ ಯಾವತ್ತಾದರೂ ಕೈಕೊಡುತ್ತೆ. ಅಕ್ಕ ಈಗ ಪಾಲಿಯೆಸ್ಟರ್ ಹಗ್ಗ ಹಾಕಿಸಿದ್ದಾಳೆ, ಅದು ಬಿಸಿಲು ತಡೆಯುತ್ತೆ. ಕೊಂಬೆಗೆ ಹಗ್ಗ ಕೊರೆಯದಂತೆ ಹಳೇ ಟೈರಿನ ತುಂಡು ಸುತ್ತಿದ್ದಾರೆ.

ನಿಗಾ ಇಡುವುದಕ್ಕೆ ನಮ್ಮಲ್ಲಿ ದಿನ ಗೊತ್ತು ಮಾಡಿದ್ದೇವೆ. ಆಯುಧ ಪೂಜೆಗೆ ಗಾಡಿ ತೊಳೆಯುವ ದಿನವೇ ಏಣಿ ಹಾಕಿ ಉಯ್ಯಾಲೆಯನ್ನೂ ನೋಡುತ್ತೇವೆ. ಅಷ್ಟು ಹೊತ್ತಿಗೆ ಕೆಲವು ತಿಂಗಳು ಮಳೆಯಲ್ಲಿ ನೆಂದಿರುತ್ತೆ, ತುಕ್ಕು ಬಂದಿದ್ದರೆ ಕಾಣುತ್ತೆ. ಇನ್ನೊಮ್ಮೆ ಯುಗಾದಿ ಹೊತ್ತಿಗೆ. ನಟ್ಟು ಬಿಗಿ ಮಾಡುವುದು, ಶಾಕಲ್ಲಿನ ಒಳಮೈ ಬೆರಳಲ್ಲಿ ಸವರಿ ನೋಡುವುದು, ವೆಲ್ಡಿಂಗ್ ಜಾಗಕ್ಕೆ ಪೇಂಟು. ಅರ್ಧ ಗಂಟೆಯ ಕೆಲಸ. ಪೂಜೆಯ ದಿನ ಅದಕ್ಕೂ ಒಂದು ಸೇವಂತಿಗೆ ಹಾರ ಬೀಳುತ್ತೆ.

ಖರ್ಚು ಎಷ್ಟಾಯಿತು ಅಂದರೆ ಪೈಪು, ಚೈನು, ಬೇರಿಂಗ್, ಕೂಲಿ, ಕಾಂಕ್ರೀಟು ಎಲ್ಲ ಸೇರಿ 17 ಸಾವಿರದ ಹತ್ತಿರ. ಚಕ್ಕೆಯ ಖರ್ಚು ಬೇರೆ. ಆನ್‌ಲೈನ್ ಸೆಟ್ಟಿಗಿಂತ ಜಾಸ್ತಿಯೇ ಆಯಿತು. ಅಡ್ಡ ಪೈಪಿಗೂ ಕಾಲಿಗೂ ಇನ್ನೂ ಏನೂ ಆಗಿಲ್ಲ.

ಈಗ ಮಗಳು ದೊಡ್ಡ ದುಂಡನೆಯ ಬಲೆ ಉಯ್ಯಾಲೆ ಬೇಕು ಅನ್ನುತ್ತಿದ್ದಾಳೆ, ನಾಲ್ಕು ಜನ ಒಟ್ಟಿಗೆ ಮಲಗುವಂಥದ್ದು. ಅದು ಪಕ್ಕಕ್ಕೂ ಓಲಾಡುತ್ತೆ, ನಾಲ್ಕು ಮಕ್ಕಳ ಭಾರ ಒಂದೇ ಸಲ ಬೀಳುತ್ತೆ. ಅದನ್ನು ಬೇರೆ ಸೀಟಿನ ಜೊತೆ ಒಂದೇ ಫ್ರೇಮಿಗೆ ಹಾಕಬಾರದು. ಹಾಕುವುದಾದರೆ ಅದಕ್ಕೇ ಬೇರೆ ಫ್ರೇಮು, ಕೆಂಪು ಪಟ್ಟಿಯ ಪೈಪು. ಮುಂದಿನ ಬೇಸಿಗೆ ರಜೆಗೆ ನೋಡೋಣ ಅಂದಿದ್ದೇನೆ.