ನಿಕಾನ್ ಡಿ750 ಕ್ಯಾಮೆರಾ ಬಿಟ್ಟು ಝಡ್6 ತ್ರೀ: ಎರಡು ಯಕ್ಷಗಾನ ತಿರುಗಾಟ, ಒಂದು ಶಿರಸಿ ಮಳೆಗಾಲ ಕಳೆದ ಮೇಲೆ

ಕತ್ತಲಲ್ಲಿ ಚಿತ್ರ ಇನ್ನೂ ಚೆನ್ನಾಗಿ ಬರಲಿ ಅಂತ ಹೊಸ ಕ್ಯಾಮೆರಾ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಳ್ಳುವ ಯೋಚನೆ ಇದ್ದರೆ ದುಡ್ಡು ಉಳಿಸಿಕೊಳ್ಳಿ. 2014ರ ನಿಕಾನ್ ಡಿ750 ಮತ್ತು 2024ರ ಝಡ್6 ತ್ರೀ, ಎರಡರಲ್ಲೂ ಐಎಸ್‌ಒ 6400ರಲ್ಲಿ, ಅಂದರೆ ಕತ್ತಲಿಗಾಗಿ ಬೆಳಕಿನ ಸೂಕ್ಷ್ಮತೆ ಏರಿಸಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದರದ್ದು ಅಂತ ನನಗೇ ಗೊತ್ತಾಗುವುದಿಲ್ಲ. ಎರಡೂ ಫುಲ್ ಫ್ರೇಮ್, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಹಳೇ 35 ಮಿ.ಮೀ. ರೀಲಿನ ಚೌಕಟ್ಟಿನಷ್ಟು ದೊಡ್ಡದು. ಎರಡೂ 24 ಮೆಗಾಪಿಕ್ಸೆಲ್. ಆದರೂ ಸುಮಾರು ಎರಡೂವರೆ ಲಕ್ಷ ಕೊಟ್ಟು ಬದಲಾಯಿಸಿದೆ. ಪೆಟ್ಟಿಗೆ ಮನೆಗೆ ಬಂದ ದಿನ ಆಯಿ ಕೇಳಿದ್ದು ಒಂದೇ ಮಾತು: "ಎಂತಾ ಆಜು ಹಳೇದಕ್ಕೆ? ಚೊಲೋ ಇದ್ದಲಾ." ಹಳೆಯದಕ್ಕೆ ಏನಾಗಿದೆ, ಚೆನ್ನಾಗೇ ಇದೆಯಲ್ಲ ಎಂಬ ಆ ಪ್ರಶ್ನೆಗೆ ನನ್ನ ಉತ್ತರ ಇದು.

ನಾನು ತೆಗೆಯುವುದು ಹೆಚ್ಚಾಗಿ ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಆಟ. ಶಿರಸಿ, ಸಿದ್ದಾಪುರದ ಕಡೆ, ಘಟ್ಟ ಇಳಿದರೆ ಕುಮಟಾ, ಹೊನ್ನಾವರ. ಡಿ750 ಕೊಂಡದ್ದು 2015ರಲ್ಲಿ. ಪ್ರತಿ ಚಿತ್ರಕ್ಕೂ ತೆರೆದು ಮುಚ್ಚುವ ಅದರ ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಿರುತ್ತಾರೆ. ನನ್ನದು ಆ ಲೆಕ್ಕ ದಾಟಿ ಸುಮಾರು ಹದಿಮೂರು ಸಾವಿರ ಹೆಚ್ಚಿಗೆ ದುಡಿದು, 2020ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ನಿಂತಿತು. ಬೆನ್ನಿಗೇ ಲಾಕ್‌ಡೌನ್. ತಿಂಗಳುಗಟ್ಟಲೆ ಕ್ಯಾಮೆರಾ ಇಲ್ಲದೆ ಕೂತಿದ್ದಾಗ ಹೊಸದು ಕೊಂಡೇಬಿಡೋಣ ಅನ್ನಿಸಿತ್ತು. ಕೊಳ್ಳಲಿಲ್ಲ, ಶಟರ್ ಬದಲಿಸಿದೆ. ಹೊಸ ಬಾಡಿಯ ಹತ್ತನೇ ಒಂದು ಭಾಗವೂ ಖರ್ಚಾಗಲಿಲ್ಲ, ಇನ್ನೂ ನಾಲ್ಕೂವರೆ ವರ್ಷ ದುಡಿಸಿಕೊಂಡೆ. ಶಟರ್ ಸವೆದಿದೆ ಎಂಬ ಒಂದೇ ಕಾರಣಕ್ಕೆ ಇಂಥ ಬಾಡಿಯನ್ನು ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ನಮ್ಮ ಕಡೆ ಬಾಡಿಗಿಂತ ಮೊದಲು ಹಾಳಾಗುವುದು ಲೆನ್ಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿಯ ಮನೆಯೊಳಗೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. 2018ರಲ್ಲಿ ನನ್ನ 70-200 ಮಿ.ಮೀ. ಲೆನ್ಸಿನ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬೆಳೆದಿತ್ತು. ಹುಬ್ಬಳ್ಳಿಯಲ್ಲಿ ಬಿಚ್ಚಿಸಿ ತೊಳೆಸಿದೆ, ಆದರೆ ಬೂಷ್ಟು ಗಾಜಿನ ಲೇಪನವನ್ನು ತಿಂದ ಕಡೆ ಗುರುತು ಹಾಗೇ ಉಳಿಯಿತು. ಗ್ಯಾಸ್‌ಲೈಟು ನೇರ ಬಿದ್ದರೆ ಇವತ್ತಿಗೂ ಚಿತ್ರ ಮಂಕಾಗುತ್ತದೆ. ತೇವ ಹೀರುವ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಅದೂ ಬರೀ ಪೆಟ್ಟಿಗೆ. ಹಾಗಾಗಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರೊಳಗೆ ಇರಬೇಕು. ನೀಲಿ ಹರಳು ಗುಲಾಬಿಯಾದರೆ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ತಿರುಗಿ ಹಾಕುತ್ತೇನೆ. ಕ್ಯಾಮೆರಾಕ್ಕೆ ಲಕ್ಷ ಸುರಿಯುವ ಮೊದಲು ಈ ಡಬ್ಬಿಗೆ ಒಂದೆರಡು ಸಾವಿರ ಹಾಕಿ. ಕಾರವಾರ, ಮಾಜಾಳಿ ಕಡೆಯವರಿಗೆ ಇದರ ಜೊತೆ ಉಪ್ಪುಗಾಳಿಯ ಕಾಟವೂ ಉಂಟು. ಕಡಲತೀರದಿಂದ ಬಂದ ಕೂಡಲೇ ಒದ್ದೆ ಬಟ್ಟೆ ಹಿಂಡಿ ಬಾಡಿ ಒರೆಸಲೇಬೇಕು.

ಶಟರ್ ಬದಲಿಸಬಹುದು, ಲೆನ್ಸ್ ಬದಲಿಸಬಹುದು. ಆದರೆ ಸೆನ್ಸರ್ ಮತ್ತು ಫೋಕಸ್ ವ್ಯವಸ್ಥೆ ಬಾಡಿಗೇ ಅಂಟಿಕೊಂಡಿರುತ್ತವೆ. ರೀಲು ಹಾಕುವ ಕಾಲದಲ್ಲಿ ಹೊಸ ರೀಲು ಬಂದರೆ ಹಳೇ ಕ್ಯಾಮೆರಾಕ್ಕೂ ಅದರ ಲಾಭ ಸಿಗುತ್ತಿತ್ತು, ಡಿಜಿಟಲ್‌ನಲ್ಲಿ ಆ ಭಾಗ್ಯ ಇಲ್ಲ. ಲೈಕಾ ಕಂಪನಿ 2008ರಲ್ಲಿ ತನ್ನ ಎಂ8 ಕ್ಯಾಮೆರಾಕ್ಕೆ ಹೊಸ ಶಟರ್, ಹಿಂದಿನ ಪರದೆಗೆ ನೀಲಮಣಿ ಗಾಜು ಹಾಕಿಕೊಡುತ್ತೇವೆಂದು ಮುಂದೆ ಬಂದಿತ್ತು. ಮರುವರ್ಷವೇ ಫುಲ್ ಫ್ರೇಮ್‌ನ ಎಂ9 ಬಂತು. ಆ ದೊಡ್ಡ ಸೆನ್ಸರ್ ಮಾತ್ರ ಎಂ8ರೊಳಗೆ ಬರುವ ದಾರಿ ಇರಲಿಲ್ಲ.

ನನ್ನನ್ನು ಕಟ್ಟಿಹಾಕಿದ್ದು ಫೋಕಸ್. ಡಿ750ರ 51 ಫೋಕಸ್ ಬಿಂದುಗಳೂ ಚೌಕಟ್ಟಿನ ನಡುವೆ ಗುಂಪುಗೂಡಿವೆ. ಹಾಡುವ ಭಾಗವತರು ಏರುಪದ ಎತ್ತಿಕೊಂಡು ವೇಷಧಾರಿ ಮಂಡಿ ಹಾಕಿ ತಿರುಗತೊಡಗಿದರೆ, ಕಿರೀಟವೂ ಬರಬೇಕು, ಕಾಲಿನ ಗೆಜ್ಜೆಯೂ ಬರಬೇಕು ಅಂದಾಗ ಮುಖ ಚೌಕಟ್ಟಿನ ಮೇಲ್ತುದಿಗೆ ಹೋಗುತ್ತದೆ. ಅಲ್ಲಿ ಬಿಂದುವೇ ಇಲ್ಲ. 200 ಮಿ.ಮೀ. ಲೆನ್ಸಿನ ಕಂಡಿಯನ್ನು ಎಫ್ 2.8ರಷ್ಟು ಅಗಲ ತೆರೆದರೆ ಎಂಟು ಮೀಟರ್ ದೂರಕ್ಕೆ ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು ಒಂದು ಗೇಣು. ನಡುವಿನ ಬಿಂದುವಿನಲ್ಲಿ ಫೋಕಸ್ ಹಿಡಿದು ಚೌಕಟ್ಟು ಸರಿಸುವಷ್ಟರಲ್ಲಿ ಕುಣಿಯುವವರು ಆ ಗೇಣಿನಿಂದ ಆಚೆ ಹೋಗಿರುತ್ತಾರೆ. ಒಂಬತ್ತು ವರ್ಷ ಹೀಗೆ ಕಳೆದುಕೊಂಡ ಚಿತ್ರಗಳು ಎಷ್ಟೋ.

ಝಡ್6 ತ್ರೀ ಮುಖ ಎಲ್ಲಿದ್ದರೂ ಹಿಡಿಯುತ್ತದೆ. ಸ್ತ್ರೀವೇಷ, ಮುಂಡಾಸು ವೇಷಗಳ ಕಣ್ಣಿಗೆ ಕೂತರೆ ಬಿಡುವುದಿಲ್ಲ. ರಾಕ್ಷಸ ವೇಷದ ದಟ್ಟ ಬಣ್ಣಗಾರಿಕೆಯ ಎದುರು ತಡವರಿಸುತ್ತದೆ, ಆಗ ಬಿಂದುವನ್ನು ನಾನೇ ಇಡುತ್ತೇನೆ. ಇದೊಂದೇ ಕಾರಣಕ್ಕೆ ಬದಲಾವಣೆ ಸಾರ್ಥಕ. 2025ರ ಫರ್ಮ್‌ವೇರ್‌ನಲ್ಲಿ (ಕ್ಯಾಮೆರಾದೊಳಗಿನ ತಂತ್ರಾಂಶ) ಹಕ್ಕಿಗಳಿಗೆಂದೇ ಪ್ರತ್ಯೇಕವಾಗಿ ಗುರುತಿಸುವ ಸೌಲಭ್ಯವೂ ಸೇರಿತು, ದಾಂಡೇಲಿಯ ಮಂಗಟ್ಟೆ ಹಕ್ಕಿಗಳಿಗೆ ಅದು ಒದಗಿದೆ.

ಕಳೆದುಕೊಂಡದ್ದೂ ಇದೆ. ಕಂಪನಿಯದೇ ಲೆಕ್ಕದಲ್ಲಿ ಡಿ750 ಒಂದು ಬ್ಯಾಟರಿಗೆ 1,230 ಚಿತ್ರ, ಇದು ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ 360. ಬೆಳಗಿನವರೆಗಿನ ಆಟಕ್ಕೆ ನಾಲ್ಕು ಬ್ಯಾಟರಿ ಒಯ್ಯುತ್ತೇನೆ. ಇದರಂಥ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಹಗುರ ಅನ್ನುತ್ತಾರೆ. ಬ್ಯಾಟರಿ, ಕಾರ್ಡ್ ಸೇರಿ ಡಿ750 840 ಗ್ರಾಂ, ಇದು 760. ಹಳೇ ಲೆನ್ಸಿಗಾಗಿ 125 ಗ್ರಾಂನ ಎಫ್‌ಟಿಝಡ್ 2 ಅಡಾಪ್ಟರ್ ಹಾಕಿದರೆ ಹಳೆಯದಕ್ಕಿಂತ ಭಾರ. ಅಡಾಪ್ಟರ್‌ನಲ್ಲಿ ತಮ್ಮೊಳಗೇ ಮೋಟರ್ ಇರುವ ಎಎಫ್-ಎಸ್ ಲೆನ್ಸುಗಳು ಮೊದಲಿನಂತೆಯೇ ನಡೆಯುತ್ತವೆ. ಬಾಡಿಯ ಮೋಟರಿನಿಂದ ತಿರುಗುವ ಹಳೇ ಡಿ ಲೆನ್ಸುಗಳಿಗೆ ಮಾತ್ರ ಆಟೋಫೋಕಸ್ ಇಲ್ಲ. ನನ್ನ ಪ್ರೀತಿಯ 180 ಎಫ್ 2.8 ಅಂಥದ್ದು. ನಿಮ್ಮ ಬೀರುವಿನಲ್ಲಿ ಡಿ ಲೆನ್ಸುಗಳಿದ್ದರೆ ಅವುಗಳ ಬದಲಿ ಖರ್ಚನ್ನೂ ಬಾಡಿಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಗೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ವರವೆಂದುಕೊಂಡಿದ್ದೆ. ಅರ್ಥಧಾರಿಗಳು ಮಾತಿನ ನಡುವೆ ಮೌನವಾದಾಗ ಡಿ750ರ ಟಕ್ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು. ಆದರೆ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಚಿತ್ರದ ಮೇಲೆ ಅಡ್ಡಪಟ್ಟೆ ಬೀಳುತ್ತದೆ. ಶಟರ್ ವೇಗ 1/100 ಅಥವಾ 1/50ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ, ಕೂತು ಮಾತಾಡುವವರಿಗೆ ಅಷ್ಟು ವೇಗ ಸಾಕು. ಕುಣಿತಕ್ಕೆ ಮೆಕ್ಯಾನಿಕಲ್ ಶಟರೇ ಸೈ. ಇನ್ನು ಹಗಲು ಬೆಳಕಿನಲ್ಲಿ, ಕಡಿಮೆ ಐಎಸ್‌ಒದಲ್ಲಿ ತೆಗೆದ ಚಿತ್ರದ ಕಡುನೆರಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಡಿ750ಯೇ ಸ್ವಚ್ಛ. ತೋಟದ ನೆರಳಿನಲ್ಲಿ ಮದುವೆ ಚಿತ್ರ ತೆಗೆಯುವವರು ಇದನ್ನು ಗಮನಿಸಿ.

ಹಳೆಯದಕ್ಕೆ ಬಂದ ಬೆಲೆ ಕೇಳಿ ಮಾರಲು ಮನಸ್ಸಾಗಲಿಲ್ಲ. ಈಗ 180 ಲೆನ್ಸ್ ಡಿ750ಗೇ ಕಾಯಂ. ಆಟಕ್ಕೆ ಹೋದಾಗ ಹೊಸದು ರಂಗಸ್ಥಳದ ಎದುರು, ಹಳೆಯದು ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರ ಹತ್ತಿರ.