ಲಿಯಾನ್‌ನಲ್ಲಿ ಬೊಕ್ಯೂಸ್: ಮೂಲ ಮನೆಯೋ, ಬ್ರಾಸರಿಯೋ, ಮಾರುಕಟ್ಟೆಯೋ?

ಲಿಯಾನ್‌ಗೆ ಹೋಗುವವರು ಕೇಳಿದ್ದೀರಿ: 2018ರಲ್ಲಿ ತೀರಿಕೊಂಡ ಹೆಸರಾಂತ ಫ್ರೆಂಚ್ ಬಾಣಸಿಗ ಪಾಲ್ ಬೊಕ್ಯೂಸ್ ಅವರ ಅಡುಗೆಯನ್ನು ಎಲ್ಲಿ ಸವಿಯಬೇಕು?

ಖರ್ಚಿನ ಲೆಕ್ಕ ಮೊದಲು. ಊರಾಚೆ, ಸೋನ್ ನದಿಯ ದಡದ ಕೊಲೊಂಜ್‌ನಲ್ಲಿರುವ ಮೂಲ ರೆಸ್ಟೋರೆಂಟಿನಲ್ಲಿ ಒಬ್ಬರ ಊಟಕ್ಕೇ ನೂರಾರು ಯೂರೋ. ನಗರದೊಳಗಿನ, ಬೊಕ್ಯೂಸ್ ಹೆಸರಿನ 'ಲ ನಾರ್' ಬ್ರಾಸರಿಯಲ್ಲಿ (ಸರಳ ಊಟದ ಫ್ರೆಂಚ್ ಹೋಟೆಲು) ಅದರ ಸಣ್ಣ ಪಾಲು ಸಾಕು. ಅವರದೇ ಹೆಸರಿನ ಮಾರುಕಟ್ಟೆ 'ಲೆ ಆಲ್'ನಲ್ಲಿ ಚೀಸ್, ಸಾಸೇಜು, ಸಿಂಪಿಗಳನ್ನು ಜೇಬು ನೋಡಿಕೊಂಡು ಕೊಳ್ಳಬಹುದು.

ಪರಂಪರೆಯೇ ಮುಖ್ಯವಾದರೆ ಕೊಲೊಂಜ್‌ಗೆ ಸಾಟಿಯಿಲ್ಲ. 1975ರಲ್ಲಿ ಫ್ರಾನ್ಸಿನ ಅಧ್ಯಕ್ಷ ಜಿಸ್ಕಾರ್ ದೆಸ್ತಾಂಗ್ ಅವರಿಗಾಗಿ ಬೊಕ್ಯೂಸ್ ಸೃಷ್ಟಿಸಿದ, ಟ್ರಫಲ್ ಎಂಬ ಘಮಘಮಿಸುವ ಅಣಬೆಯ ಸೂಪು ಆ ಮನೆಯ ಹೆಗ್ಗುರುತು. ಬಟ್ಟಲಿನ ಬಾಯಿಗೆ ಉಬ್ಬಿ ನಿಂತ ಹಿಟ್ಟಿನ ಮುಚ್ಚಳವನ್ನು ಚಮಚದಿಂದ ಒಡೆದರೆ ಒಳಗಿನ ಘಮ ಒಮ್ಮೆಲೇ ಮೇಲೇಳುತ್ತದೆ. 1965ರಿಂದ ಇದ್ದ ಮೂರನೇ ಮಿಶೆಲಿನ್ ನಕ್ಷತ್ರ (ಮಿಶೆಲಿನ್ ಕೈಪಿಡಿ ರೆಸ್ಟೋರೆಂಟುಗಳಿಗೆ ಕೊಡುವ ಅತ್ಯುನ್ನತ ದರ್ಜೆ) 2020ರಲ್ಲಿ ಹೋಯಿತು. ಅದಕ್ಕಾಗಿ ಹಿಂಜರಿಯುವುದು ನನಗೆ ಅತಿ ಎನಿಸುತ್ತದೆ.

ಸಸ್ಯಾಹಾರಿಗಳೇ, ಆ ಸೂಪಿನಲ್ಲೂ ಮಾಂಸವಿದೆ; ನಿಮಗೆ ಮಾರುಕಟ್ಟೆಯೇ ಸರಿ. ಮಕ್ಕಳೊಂದಿಗಿದ್ದರೆ ಬ್ರಾಸರಿ. ಬಹುದಿನ ಹಣ ಕೂಡಿಟ್ಟು, ಒಂದು ಸಂಜೆಯನ್ನು ಪೂರ್ತಿ ಊಟದ ಮೇಜಿಗೇ ಬಿಟ್ಟುಕೊಡುವವರು ಕೊಲೊಂಜ್‌ನಲ್ಲಿ ಮುಂಚಿತವಾಗಿ ಜಾಗ ಕಾಯ್ದಿರಿಸಿ.