ತಗಡಿನ ಹಾರ್ನೋ, ಹಳೇ ಡಿಶ್ಶೋ?

ವಿರಾಜಪೇಟೆಯ ಪಿಯು ಹುಡುಗನೊಬ್ಬ ಕೇಳಿದ್ದಾನೆ: ನಮ್ಮ ಆಕಾಶಗಂಗೆಯ ತಿರುಗುವ ವೇಗ ಅಳೆಯಲು ಯಾವ ಆಂಟೆನಾ ಒಳ್ಳೆಯದು, ಆಲಿಕೆಯಂತೆ ಬಾಯಿ ಅಗಲವಾದ ತಗಡಿನ ಹಾರ್ನೋ, ಹಳೇ ಡಿಶ್ಶೋ?

ಎರಡೂ ಹಿಡಿಯುವುದು ಆಕಾಶಗಂಗೆಯಲ್ಲಿರುವ ಹೈಡ್ರೋಜನ್ ಅನಿಲದ 1420.4 ಮೆಗಾಹರ್ಟ್ಸ್ ರೇಡಿಯೋ ಸಂಕೇತವನ್ನೇ. ಅನಿಲ ನಮ್ಮಿಂದ ದೂರ ಸರಿದರೆ ಈ ಸಂಖ್ಯೆ ಇಳಿಯುತ್ತದೆ, ಹತ್ತಿರ ಬಂದರೆ ಏರುತ್ತದೆ. ಸೆಕೆಂಡಿಗೆ 1 ಕಿ.ಮೀ. ವೇಗಕ್ಕೆ ಸುಮಾರು 4.7 ಕಿಲೋಹರ್ಟ್ಸ್ ವ್ಯತ್ಯಾಸ.

ಖರ್ಚಲ್ಲಿ ಹಾರ್ನ್ ಹಗುರ. ತಗಡು ಕತ್ತರಿಸಿ ರಿವೆಟ್ ಹೊಡೆದರಾಯ್ತು. 1951ರಲ್ಲಿ ಹಾರ್ವರ್ಡ್‌ನಲ್ಲಿ ಈ ಸಂಕೇತ ಮೊದಲು ಸಿಕ್ಕಿದ್ದೂ ಹಾರ್ನಿನಲ್ಲೇ! ಸಂಕೇತ ಹಿಗ್ಗಿಸುವ ಆಂಪ್ಲಿಫೈಯರ್, ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ರಿಸೀವರ್ ಮಾತ್ರ ಎರಡಕ್ಕೂ ಬೇಕು.

ನಿಖರತೆ ಬೇರೆ ಮಾತು. 75 ಸೆಂ.ಮೀ. ಬಾಯಿಯ ಹಾರ್ನ್ ಒಮ್ಮೆಗೆ ಸುಮಾರು 20 ಡಿಗ್ರಿ ಅಗಲದ ಆಕಾಶ ನೋಡುತ್ತದೆ. 2 ಮೀಟರ್ ಡಿಶ್ 7 ಡಿಗ್ರಿ ಅಷ್ಟೇ. ಹಾರ್ನಿನಲ್ಲಿ ಬೇರೆ ಬೇರೆ ದಿಕ್ಕಿನ ವೇಗಗಳು ಕಲಸಿಹೋಗುತ್ತವೆ. ಆಕಾಶಗಂಗೆಯ ಕೇಂದ್ರದಿಂದ ಇಷ್ಟು ದೂರದಲ್ಲಿ ಇಷ್ಟು ವೇಗ ಅಂತ ಗ್ರಾಫ್ ಬರೆಯಬೇಕಾದರೆ ಡಿಶ್ಶೇ ವಾಸಿ.

ಇನ್ನು ನಮ್ಮ ಮಳೆ. ಮೋಡ ಈ ಅಲೆಯನ್ನು ತಡೆಯೋದಿಲ್ಲ. ಹಗಲಲ್ಲೂ ಕೆಲಸ ನಡೆಯುತ್ತದೆ. ಆಟಿ ತಿಂಗಳಲ್ಲೂ ನೋಡಬಹುದು, ಕೊಡಗಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಹಾರ್ನಿನ ಬಾಯಿಗೆ ಪ್ಲಾಸ್ಟಿಕ್ ಹೊದಿಸಬೇಕು. ಜಾಲರಿ ಡಿಶ್ಶಲ್ಲಿ ನೀರು ನಿಲ್ಲದು, ಆದರೂ ಗಾಳಿಗೆ ಅಲುಗದಂತೆ ಗಟ್ಟಿ ಕಂಬ ಬೇಕು. ತೋಟದೊಳಗೆ ಎರಡೂ ಬೇಡ. ಮರಗಳೇ ರೇಡಿಯೋ ಗದ್ದಲ ಸೇರಿಸುತ್ತವೆ, ಗದ್ದೆ ಬಯಲೇ ಸರಿ.

ಒಂದು ತಿಂಗಳ ಕಾಲೇಜು ಪ್ರದರ್ಶನಕ್ಕಾದರೆ ಹಾರ್ನ್ ಮಾಡು. ವರ್ಷಗಟ್ಟಲೆ ಅಳೆಯುವ ಆಸೆಯಿದ್ದು, ಗುಜರಿಯಲ್ಲಿ ಡಿಶ್ ಸಿಕ್ಕಿದರೆ ಅದನ್ನೇ ತಾ.